ಗಂಧಕದ ಚಯಾಪಚಯ ಮತ್ತು ಕ್ಯಾನ್ಸರ್: ವಿನ್ಸೆಂಟ್ ಡು ವಿನ್ಯೋ ತೆರೆದ ದಾರಿ

ಊಟದೊಂದಿಗೆ ಒಳಹೋದ ಗಂಧಕ ದೇಹದಲ್ಲಿ ಯಾವ ಯಾವ ಅಣುಗಳನ್ನು ಹೊಕ್ಕು ಹೊರಬರುತ್ತದೆ, ಅಲ್ಲಿ ಏನು ಕೆಲಸ ಮಾಡುತ್ತದೆ, ಕೊನೆಗೆ ಸಲ್ಫೇಟಾಗಿ ಮೂತ್ರದಲ್ಲಿ ಹೇಗೆ ಹೊರಬೀಳುತ್ತದೆ ಎಂಬ ಇಡೀ ನಡೆಯನ್ನು ಗಂಧಕದ ಚಯಾಪಚಯ ಎನ್ನುತ್ತಾರೆ. ಈ ನಡೆಯ ಮುಖ್ಯ ತಿರುವುಗಳನ್ನು ಗುರುತಿಸಿದವರಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ವಿನ್ಸೆಂಟ್ ಡು ವಿನ್ಯೋ (1901–1978) ಮೊದಲ ಸಾಲಿನವರು. 1955ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಅವರಿಗೆ ಸಂದದ್ದು ಗಂಧಕವುಳ್ಳ ಜೈವಿಕ ಸಂಯುಕ್ತಗಳ ಮೇಲಿನ ಕೆಲಸಕ್ಕೆ, ಅದರಲ್ಲೂ ಪಾಲಿಪೆಪ್ಟೈಡ್ ಹಾರ್ಮೋನೊಂದನ್ನು ಮೊತ್ತಮೊದಲು ಕೃತಕವಾಗಿ ತಯಾರಿಸಿದ್ದಕ್ಕೆ. ಅವರು ಕ್ಯಾನ್ಸರ್ ಸಂಶೋಧಕರಾಗಿರಲಿಲ್ಲ. ಆದರೂ ಕ್ಯಾನ್ಸರ್ ಕೋಶದ ಆಹಾರಕ್ರಮದ ಬಗ್ಗೆ ಇಂದು ನಡೆಯುತ್ತಿರುವ ಚರ್ಚೆಯ ಒಂದು ದೊಡ್ಡ ಭಾಗ ಅವರು ಇಲಿಗಳಿಗೆ ಹಾಕಿದ ಒಂದು ಪ್ರಶ್ನೆಯಿಂದಲೇ ಹುಟ್ಟಿತು: ಮೆಥಿಯೊನಿನ್ ಕೊಡದೆ ಅದರ ಬದಲು ಹೋಮೊಸಿಸ್ಟೀನ್ ಕೊಟ್ಟರೆ ಪ್ರಾಣಿ ಬೆಳೆಯುತ್ತದೆಯೆ? ಇಲಿ ಒಂದು ಉತ್ತರ ಕೊಟ್ಟಿತು. ಮೂರೂವರೆ ದಶಕಗಳ ನಂತರ ಕ್ಯಾನ್ಸರ್ ಕೋಶ ಕೊಟ್ಟ ಉತ್ತರವೇ ಬೇರೆ.

ದೇಹದಲ್ಲಿ ಗಂಧಕ

ಸುಮಾರು 70 ಕಿಲೋ ತೂಕದ ವಯಸ್ಕರ ಮೈಯಲ್ಲಿ 140 ಗ್ರಾಮಿನಷ್ಟು ಗಂಧಕವಿರುತ್ತದೆ. ಅದು ಇರುವುದು ಗೊತ್ತಾಗಲು ಪ್ರಯೋಗಾಲಯ ಬೇಕಿಲ್ಲ. ದೀಪ ಹಚ್ಚುವಾಗ ಬಗ್ಗಿದವರ ಕೂದಲ ತುದಿ ಬತ್ತಿಗೆ ತಗುಲಿದರೆ ಮನೆಯಿಡೀ ತುಂಬುವ ಆ ಕಮಟು ವಾಸನೆ ಗಂಧಕದ್ದು. ಕೂದಲಿನ ತೂಕದಲ್ಲಿ ನೂರಕ್ಕೆ ಐದರಷ್ಟು ಗಂಧಕವೇ. ಮೊಟ್ಟೆಯನ್ನು ಒಲೆಯ ಮೇಲೆ ಮರೆತು ಹೆಚ್ಚು ಹೊತ್ತು ಬೇಯಿಸಿದಾಗ ಹಳದಿಯ ಸುತ್ತ ಹಸಿರುಗಪ್ಪು ಬಳೆಯೊಂದು ಕಟ್ಟಿಕೊಳ್ಳುತ್ತದಲ್ಲ, ಅದು ಬಿಳಿಯ ಭಾಗದ ಪ್ರೋಟೀನಿನಿಂದ ಬಿಡುಗಡೆಯಾದ ಹೈಡ್ರೋಜನ್ ಸಲ್ಫೈಡ್ ಅನಿಲ ಹಳದಿಯಲ್ಲಿನ ಕಬ್ಬಿಣದ ಜೊತೆ ಸೇರಿ ಆದ ಬಣ್ಣ.

ಪ್ರೋಟೀನುಗಳಲ್ಲಿ ಗಂಧಕವನ್ನು ಹೊತ್ತಿರುವ ಅಮೈನೊ ಆಮ್ಲಗಳು ಎರಡು: ಮೆಥಿಯೊನಿನ್ ಮತ್ತು ಸಿಸ್ಟೀನ್. ಎರಡು ಸಿಸ್ಟೀನ್ ಅಣುಗಳು ತಮ್ಮ ಗಂಧಕದ ತುದಿಗಳಲ್ಲಿ ಕೈಹಿಡಿದರೆ ಸಿಸ್ಟಿನ್ ಆಗುತ್ತದೆ. ಈ ಸಿಸ್ಟಿನ್ನನ್ನು 1810ರಲ್ಲಿ ಇಂಗ್ಲೆಂಡಿನ ವುಲಾಸ್ಟನ್ ಮೂತ್ರಕೋಶದ ಕಲ್ಲಿನಲ್ಲಿ ಕಂಡರು. ಅದರಲ್ಲಿ ಗಂಧಕವಿದೆಯೆಂದು ತಿಳಿಯಲು ಮತ್ತೆ ಇಪ್ಪತ್ತೇಳು ವರ್ಷ ಬೇಕಾಯಿತು. ಮೆಥಿಯೊನಿನ್ ಸಿಕ್ಕಿದ್ದು ಬಹಳ ತಡವಾಗಿ, 1920ರ ದಶಕದ ಆರಂಭದಲ್ಲಿ. ಬ್ಯಾಕ್ಟೀರಿಯಗಳನ್ನು ಬೆಳೆಸಲು ಏನೇನು ಬೇಕೆಂದು ಹುಡುಕುತ್ತಿದ್ದ ಜಾನ್ ಹೊವರ್ಡ್ ಮುಲರ್ ಅದನ್ನು ಬೇರ್ಪಡಿಸಿದರು.

ಮನುಷ್ಯನ ದೇಹ ಮೆಥಿಯೊನಿನ್ನನ್ನು ತಾನಾಗಿ ಹೊಸದಾಗಿ ಕಟ್ಟಲಾರದು. ಅದು ಊಟದಿಂದಲೇ ಬರಬೇಕು. ಮಾಂಸ, ಮೀನು, ಮೊಟ್ಟೆ, ಎಳ್ಳಿನಲ್ಲಿ ಅದು ಧಾರಾಳ, ಬೇಳೆಕಾಳುಗಳಲ್ಲಿ ಕಡಿಮೆ. ರಾಗಿಯ ಪ್ರೋಟೀನಿನಲ್ಲಿ ಇತರ ಧಾನ್ಯಗಳಿಗಿಂತ ಮೆಥಿಯೊನಿನ್ ಹೆಚ್ಚು, ಲೈಸಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಕಡಿಮೆ. ತೊಗರಿಬೇಳೆಯಲ್ಲಿ ಲೈಸಿನ್ ಹೆಚ್ಚು, ಮೆಥಿಯೊನಿನ್ ಕಡಿಮೆ. ಹಳೆ ಮೈಸೂರು ಸೀಮೆಯ ಮುದ್ದೆ-ಸಾರಿನ ಜೋಡಿಯಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಇನ್ಸುಲಿನ್ನಿನ ಗಂಧಕದಿಂದ ಶುರು

ಡು ವಿನ್ಯೋ ಹುಟ್ಟಿದ್ದು ಷಿಕಾಗೊದಲ್ಲಿ. ಓದಿದ್ದು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಪೋಷಣವಿಜ್ಞಾನಿ ವಿಲಿಯಂ ರೋಸ್ ಅವರು ಆಗತಾನೆ ಪತ್ತೆಯಾಗಿದ್ದ ಇನ್ಸುಲಿನ್ ಬಗ್ಗೆ ಮಾಡಿದ ಉಪನ್ಯಾಸ ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು. ರಾಚೆಸ್ಟರಿನಲ್ಲಿ ಪಿಎಚ್.ಡಿ.ಗೆ ಅವರು ಆರಿಸಿಕೊಂಡ ವಿಷಯ ಇನ್ಸುಲಿನ್ನಿನ ಗಂಧಕ. 1927ರಲ್ಲಿ ಪದವಿ ಪಡೆದು ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜಾನ್ ಜೇಕಬ್ ಏಬಲ್ ಅವರ ಬಳಿ ಕೆಲಸ ಮಾಡುವಾಗ, ಇನ್ಸುಲಿನ್ನಿನ ಹರಳಿನಲ್ಲಿರುವ ಗಂಧಕ ಸಿಸ್ಟಿನ್ ರೂಪದಲ್ಲಿದೆಯೆಂದು ತೋರಿಸಿಕೊಟ್ಟರು. ಮುಂದೆ ಡ್ರೆಸ್ಡೆನ್, ಎಡಿನ್‌ಬರೋಗಳಲ್ಲಿ ಕಲಿತು ಮರಳಿದ ಅವರು 1932ರಲ್ಲಿ ವಾಷಿಂಗ್ಟನ್ನಿನ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೂ 1938ರಲ್ಲಿ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿಗೂ ಬಂದರು.

ಬಯೊಟಿನ್ ವಿಟಮಿನ್ನಿನ ರಚನೆ (1942), ಪೆನಿಸಿಲಿನ್ನಿನ ಮೇಲಿನ ಕೆಲಸ, 1953ರಲ್ಲಿ ಆಕ್ಸಿಟೋಸಿನ್ ಹಾರ್ಮೋನಿನ ಸಂಶ್ಲೇಷಣೆ ಎಲ್ಲವೂ ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುತ್ತವೆ. ಆದರೆ ಬಯೊಟಿನ್ನಿನಲ್ಲಿ ಗಂಧಕವಿದೆ, ಪೆನಿಸಿಲಿನ್ನಿನಲ್ಲಿ ಗಂಧಕವಿದೆ, ಆಕ್ಸಿಟೋಸಿನ್ನಿನ ಉಂಗುರವನ್ನು ಬಿಗಿದು ಹಿಡಿದಿರುವುದೂ ಎರಡು ಗಂಧಕಗಳ ಬೆಸುಗೆಯೇ. ಒಂದೇ ಧಾತುವನ್ನು ಹಿಡಿದು ಅಷ್ಟು ದೂರ ನಡೆದವರು ಜೀವರಸಾಯನ ವಿಜ್ಞಾನದಲ್ಲಿ ವಿರಳ.

ಇಲಿಗಳ ಒಗಟು

1932ರಲ್ಲಿ ಡು ವಿನ್ಯೋ ಮತ್ತು ಲ್ಯೂಯಿಸ್ ಬಟ್ಸ್ ಮೆಥಿಯೊನಿನ್ನನ್ನು ತೀಕ್ಷ್ಣ ಗಂಧಕಾಮ್ಲದಲ್ಲಿ ಕಾಯಿಸಿದರು. ಮೆಥಿಯೊನಿನ್ನಿನ ಗಂಧಕಕ್ಕೆ ಒಂದು ಪುಟ್ಟ ಬಾಲವಿದೆ: ಒಂದು ಇಂಗಾಲ, ಮೂರು ಹೈಡ್ರೋಜನ್‌ಗಳ ಮೀಥೈಲ್ ಗುಂಪು. ಆಮ್ಲ ಆ ಬಾಲವನ್ನು ಕತ್ತರಿಸಿತು. ಉಳಿದದ್ದು ಸಿಸ್ಟಿನ್ನನ್ನೇ ಹೋಲುವ, ಆದರೆ ಬೆನ್ನೆಲುಬಿನಲ್ಲಿ ಒಂದು ಇಂಗಾಲ ಹೆಚ್ಚಿರುವ ಹೊಸ ವಸ್ತು. ಅದಕ್ಕೆ ಹೋಮೊಸಿಸ್ಟಿನ್ ಎಂದು ಹೆಸರಿಟ್ಟರು; ಅದರ ಒಂಟಿ ರೂಪವೇ ಹೋಮೊಸಿಸ್ಟೀನ್. ಇಂದು ಹೃದ್ರೋಗದ ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣುವ ಹೆಸರು ಹುಟ್ಟಿದ್ದು ಹೀಗೆ.

ಈ ಹೊಸ ವಸ್ತುವನ್ನು ಇಲಿಗಳಿಗೆ ತಿನ್ನಿಸಿದಾಗ ಗೊಂದಲ ಶುರುವಾಯಿತು. ಮೆಥಿಯೊನಿನ್ ಇಲ್ಲದ ಆಹಾರಕ್ಕೆ ಹೋಮೊಸಿಸ್ಟಿನ್ ಬೆರೆಸಿ ಕೊಟ್ಟರೆ ಕೆಲವು ಸಂದರ್ಭಗಳಲ್ಲಿ ಇಲಿಗಳು ಬೆಳೆದವು, ಕೆಲವು ಸಂದರ್ಭಗಳಲ್ಲಿ ಸೊರಗಿದವು. ಅಮೈನೊ ಆಮ್ಲಗಳ ಅಳತೆಯಲ್ಲಿ ತಪ್ಪಿರಲಿಲ್ಲ. ವ್ಯತ್ಯಾಸವಿದ್ದದ್ದು ಯಾರೂ ಗಮನ ಕೊಡದ ಕಡೆ: ವಿಟಮಿನ್ನಿಗೆಂದು ಬೆರೆಸುತ್ತಿದ್ದ ಪದಾರ್ಥದಲ್ಲಿ. ಶುದ್ಧ ವಿಟಮಿನ್‌ಗಳನ್ನಷ್ಟೇ ಕೊಟ್ಟ ಇಲಿಗಳು ಬೆಳೆಯಲಿಲ್ಲ, ಅವುಗಳ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡಿತು. ಯಕೃತ್ತಿಗೆ ಕೊಬ್ಬು ಕಟ್ಟುವುದನ್ನು ಕೋಲಿನ್ ಎಂಬ ವಸ್ತು ತಡೆಯುತ್ತದೆಂಬುದು ಆಗಲೇ ತಿಳಿದಿತ್ತು. ಕೋಲಿನ್ ಸೇರಿಸಿ ನೋಡಿದರು. ಹೋಮೊಸಿಸ್ಟಿನ್ ತಿಂದ ಇಲಿಗಳು ಬೆಳೆಯತೊಡಗಿದವು.

ಸಂಶೋಧನೆಯ ಚರಿತ್ರೆಯಲ್ಲಿ ನನಗೆ ಬಹಳ ಪ್ರಿಯವಾದ ಗಳಿಗೆಗಳಲ್ಲಿ ಇದೊಂದು. ಕೋಲಿನ್ನಿನ ಅಣುವನ್ನು ಬಿಡಿಸಿ ನೋಡಿದರೆ ಅದರ ಸಾರಜನಕದ ಮೇಲೆ ಮೂರು ಮೀಥೈಲ್ ಗುಂಪುಗಳಿವೆ. ಮೆಥಿಯೊನಿನ್ ಕಳೆದುಕೊಂಡಿದ್ದೂ ಒಂದು ಮೀಥೈಲ್ಲನ್ನೇ. ಹಾಗಾದರೆ ಕೋಲಿನ್ ತನ್ನ ಬಾಲವನ್ನು ಕೊಟ್ಟು ಹೋಮೊಸಿಸ್ಟೀನನ್ನು ಮತ್ತೆ ಮೆಥಿಯೊನಿನ್ ಮಾಡುತ್ತಿದೆ! 1939ರಲ್ಲಿ ಪ್ರಕಟವಾದ ಈ ಕೆಲಸದಿಂದ, ದೇಹದಲ್ಲಿ ಮೀಥೈಲ್ ಗುಂಪುಗಳು ಇಡಿಯಾಗಿಯೇ ಒಂದು ಅಣುವಿನಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತವೆ ಎಂಬ ಕಲ್ಪನೆ ರೂಪುಗೊಂಡಿತು. ಇಲಿ ಕೊಟ್ಟ ಉತ್ತರ ಇಷ್ಟು: ಮೀಥೈಲ್ ಒದಗಿಸಿದರೆ ಹೋಮೊಸಿಸ್ಟೀನ್ ಸಾಕು, ಮೆಥಿಯೊನಿನ್ ನಾನೇ ಮಾಡಿಕೊಳ್ಳುತ್ತೇನೆ.

ಗುರುತು ಹಾಕಿದ ಅಣುಗಳು

ಕಲ್ಪನೆಗೆ ಸಾಕ್ಷಿ ಬೇಕಿತ್ತು. ಡು ವಿನ್ಯೋ ತಂಡ ಮೆಥಿಯೊನಿನ್ನಿನ ಮೀಥೈಲ್ಲಿನಲ್ಲಿ ಸಾಮಾನ್ಯ ಹೈಡ್ರೋಜನ್ನಿನ ಬದಲು ಭಾರ ಹೈಡ್ರೋಜನ್ (ಡ್ಯೂಟೀರಿಯಂ) ಇಟ್ಟು ಇಲಿಗಳಿಗೆ ತಿನ್ನಿಸಿತು. ಕೆಲವು ದಿನಗಳ ನಂತರ ಇಲಿಗಳ ಅಂಗಾಂಶದಿಂದ ತೆಗೆದ ಕೋಲಿನ್ ಮತ್ತು ಕ್ರಿಯಾಟಿನ್ ಎರಡರಲ್ಲೂ ಆ ಗುರುತು ಸಿಕ್ಕಿತು.

ಗಂಧಕದ ಪಯಣವನ್ನು ಹಿಡಿಯಲು ಇನ್ನೂ ಸೂಕ್ಷ್ಮವಾದ ಉಪಾಯ ಹೂಡಿದರು. ಗಂಧಕ-34 ಮತ್ತು ಇಂಗಾಲ-13 ಎಂಬ ಎರಡು ಗುರುತುಗಳನ್ನು ಒಂದೇ ಮೆಥಿಯೊನಿನ್ ಅಣುವಿನಲ್ಲಿ ಹಾಕಿದರು. ಇಲಿಯ ದೇಹದಲ್ಲಿ ಆದ ಸಿಸ್ಟಿನ್ನಿನಲ್ಲಿ ಗುರುತಿನ ಗಂಧಕವಿತ್ತು, ಗುರುತಿನ ಇಂಗಾಲ ಇರಲಿಲ್ಲ. ಅಂದರೆ ಮೆಥಿಯೊನಿನ್ ಸಿಸ್ಟೀನಾಗಿ ಮಾರ್ಪಡುವುದಿಲ್ಲ. ಮೀಥೈಲ್ ಕಳೆದುಕೊಂಡು ಹೋಮೊಸಿಸ್ಟೀನಾಗಿ, ತನ್ನ ಗಂಧಕವನ್ನಷ್ಟೇ ಸೀರಿನ್ ಎಂಬ ಇನ್ನೊಂದು ಅಮೈನೊ ಆಮ್ಲಕ್ಕೆ ಒಪ್ಪಿಸಿ ತಾನು ಸರಿಯುತ್ತದೆ. ನಡುವೆ ಎರಡೂ ಅಂಟಿಕೊಂಡ ಸಿಸ್ಟಥಯೋನಿನ್ ಎಂಬ ರೂಪವೊಂದು ಬಂದುಹೋಗುತ್ತದೆ. ಈ ಗಂಧಕ ಹಸ್ತಾಂತರದ ದಾರಿಗೆ ಟ್ರಾನ್ಸ್‌ಸಲ್ಫ್ಯುರೇಷನ್ ಎಂಬ ಹೆಸರು ನಿಂತಿದೆ. ಹೋಮೊಸಿಸ್ಟೀನ್ ಹೀಗೆ ಕವಲುದಾರಿಯಲ್ಲಿ ನಿಂತಿರುವ ಅಣು: ಮೀಥೈಲ್ ಪಡೆದರೆ ಮರಳಿ ಮೆಥಿಯೊನಿನ್, ಗಂಧಕ ಕೊಟ್ಟರೆ ಸಿಸ್ಟೀನ್.

ಒಂದು ಅನುಮಾನ ಉಳಿದಿತ್ತು. ಕೆಲವು ಇಲಿಗಳು ಕೋಲಿನ್ ಕೊಡದಿದ್ದರೂ ನಿಧಾನವಾಗಿ ಬೆಳೆಯುತ್ತಿದ್ದವು. ಮೀಥೈಲ್ ಎಲ್ಲಿಂದ ಬಂತು? ಕರುಳಿನ ಬ್ಯಾಕ್ಟೀರಿಯಗಳೇ ತಯಾರಿಸಿ ಕೊಡುತ್ತಿರಬಹುದೆ? ಇದನ್ನು ಪರೀಕ್ಷಿಸಲು ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಒಂದೂ ಸೂಕ್ಷ್ಮಜೀವಿಯಿಲ್ಲದಂತೆ ಸಾಕಿದ ಇಲಿಗಳಿಗೆ ಭಾರಜಲ ಕೊಟ್ಟರು. ಅವುಗಳ ಮೀಥೈಲ್ ಗುಂಪುಗಳಲ್ಲಿಯೂ ಗುರುತು ಕಂಡಿತು. 1951ರ ಈ ಪ್ರಯೋಗದಿಂದ ಪ್ರಾಣಿಯ ದೇಹ ತಾನೇ ಹೊಸ ಮೀಥೈಲ್ಲನ್ನು ಕಟ್ಟಬಲ್ಲದೆಂಬುದು ಖಚಿತವಾಯಿತು. ತಮ್ಮದೇ ಹಿಂದಿನ ಊಹೆಯನ್ನು ಇಷ್ಟು ಕಟ್ಟುನಿಟ್ಟಾಗಿ ಪರೀಕ್ಷೆಗೊಡ್ಡಿದ್ದು ಡು ವಿನ್ಯೋ ಅವರ ದೊಡ್ಡ ಗುಣ.

ಮೀಥೈಲ್ ಎಂಬ ನಾಣ್ಯ

ಹಸ್ತಾಂತರಕ್ಕೆ ಮೊದಲು ಮೆಥಿಯೊನಿನ್ ಯಾವ ವೇಷ ಹಾಕಿಕೊಳ್ಳುತ್ತದೆ ಎಂಬುದನ್ನು 1950ರ ದಶಕದ ಆರಂಭದಲ್ಲಿ ಗಿಯುಲಿಯೊ ಕ್ಯಾಂಟೊನಿ ತೋರಿಸಿದರು. ಕೋಶದ ಶಕ್ತಿಯ ಅಣುವಾದ ಎಟಿಪಿಯೊಂದಿಗೆ ಸೇರಿ ಅದು ಎಸ್-ಅಡಿನೊಸಿಲ್‌ಮೆಥಿಯೊನಿನ್ ಆಗುತ್ತದೆ. ವಿಜ್ಞಾನಿಗಳು ರೂಢಿಯಲ್ಲಿ ಅದನ್ನು ಸ್ಯಾಮ್ ಎನ್ನುತ್ತಾರೆ. ಡಿಎನ್‌ಎ ಮೇಲೆ, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳ ಮೇಲೆ, ಆರ್‌ಎನ್‌ಎ ಮೇಲೆ ಮೀಥೈಲ್ ಮುದ್ರೆ ಒತ್ತಬೇಕಾದಾಗಲೆಲ್ಲ ಕೋಶ ಖರ್ಚು ಮಾಡುವ ನಾಣ್ಯ ಇದೇ. ಯಾವ ಜೀನ್ ಮಾತಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದು ಬಹುಮಟ್ಟಿಗೆ ಈ ಮುದ್ರೆಗಳಿಂದ ನಿರ್ಧಾರವಾಗುತ್ತದೆ. ಕ್ಯಾನ್ಸರಿನಲ್ಲಿ ಕೆಡುವುದೂ ಈ ಮುದ್ರೆಗಳ ಲೆಕ್ಕವೇ.

ದೇಹ ಹೊಸದಾಗಿ ಕಟ್ಟುವ ಮೀಥೈಲ್ ಬರುವುದು ಫೋಲೇಟ್ ವಿಟಮಿನ್ ಮೂಲಕ. ಹೋಮೊಸಿಸ್ಟೀನಿಗೆ ಅದನ್ನು ಅಂಟಿಸುವ ಕಿಣ್ವಕ್ಕೆ ಬಿ12 ಬೇಕು. ಕ್ಯಾನ್ಸರ್ ಚಿಕಿತ್ಸೆ ಫೋಲೇಟನ್ನು ಮುಟ್ಟಿದ್ದು ಬೇರೆ ದಿಕ್ಕಿನಿಂದ: ಭೀಮವರಂನಲ್ಲಿ ಹುಟ್ಟಿದ ಯಲ್ಲಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ಲೆಡರ್ಲಿ ಪ್ರಯೋಗಾಲಯ ತಯಾರಿಸಿದ ಫೋಲೇಟ್ ವಿರೋಧಿ ಅಮಿನೊಪ್ಟೆರಿನ್ನನ್ನು ಬಾಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ರಕ್ತಕ್ಯಾನ್ಸರ್ ಪೀಡಿತ ಮಕ್ಕಳಿಗೆ ಕೊಟ್ಟರು. 1948ರಲ್ಲಿ ವರದಿಯಾದಂತೆ ಹಲವು ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿತು. ಈ ಬಗೆಯ ಔಷಧಗಳು ಮುಖ್ಯವಾಗಿ ಹೊಡೆಯುವುದು ಡಿಎನ್‌ಎ ತಯಾರಿಕೆಯನ್ನು. ಆದರೆ ಆ ತಯಾರಿಕೆಗೆ ಫೋಲೇಟ್ ಒದಗಿಸುವ ಇಂಗಾಲದ ಬೊಕ್ಕಸವೂ ಹೋಮೊಸಿಸ್ಟೀನಿನ ಮೀಥೈಲ್ ಬೊಕ್ಕಸವೂ ಒಂದೇ. ಸೀರಿನ್ನಿನಿಂದ ಆ ಬೊಕ್ಕಸಕ್ಕೆ ಇಂಗಾಲ ತುಂಬುವ ಸೀರಿನ್ ಹೈಡ್ರಾಕ್ಸಿಮೀಥೈಲ್ ಟ್ರಾನ್ಸ್‌ಫರೇಸ್ ಕಿಣ್ವವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಅಪ್ಪಾಜಿ ರಾವ್ ಮತ್ತು ಎಚ್. ಎಸ್. ಸಾವಿತ್ರಿ ಕುರಿಯ ಯಕೃತ್ತಿನಿಂದ ಬೇರ್ಪಡಿಸಿ ದೀರ್ಘಕಾಲ ಅಭ್ಯಾಸ ಮಾಡಿದರು.

ಕ್ಯಾನ್ಸರ್ ಕೋಶದ ಉತ್ತರ

ಗಡ್ಡೆಗೂ ಮೆಥಿಯೊನಿನ್ನಿಗೂ ನಂಟಿದೆಯೆಂಬ ಸುಳಿವು 1959ರಲ್ಲಿ ಸಿಕ್ಕಿತ್ತು. ಮುಂದೆ ಜಪಾನಿನ ಕ್ಯಾನ್ಸರ್ ಸಂಶೋಧನೆಯ ಹಿರಿಯರೆನಿಸಿದ ತಕಾಶಿ ಸುಗಿಮುರ ಮತ್ತು ಅಮೆರಿಕದ ಸಹೋದ್ಯೋಗಿಗಳು ಗಡ್ಡೆಯಿದ್ದ ಇಲಿಗಳಿಗೆ ಒಂದೊಂದು ಸಲ ಒಂದೊಂದು ಅಮೈನೊ ಆಮ್ಲ ಬಿಟ್ಟು ಆಹಾರ ಕೊಟ್ಟರು. ಮೆಥಿಯೊನಿನ್ ಬಿಟ್ಟಾಗ ಗಡ್ಡೆಯ ಬೆಳವಣಿಗೆ ಕುಗ್ಗಿತು.

ಡು ವಿನ್ಯೋ ಇಲಿಗೆ ಕೇಳಿದ್ದನ್ನೇ ಕೋಶಕ್ಕೆ ನೇರವಾಗಿ ಕೇಳಿದ್ದು 1974ರಲ್ಲಿ, ಬಾರ್ಬರಾ ಹಾಲ್ಪರ್ನ್ ಮತ್ತು ಸಂಗಡಿಗರು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ದ್ರವದಿಂದ ಮೆಥಿಯೊನಿನ್ ತೆಗೆದು ಹೋಮೊಸಿಸ್ಟಿನ್, ಫೋಲೇಟ್, ಬಿ12 ಹಾಕಿದರು. ಸಾಮಾನ್ಯ ಕೋಶಗಳು ಇಲಿಯಂತೆಯೇ ಹೊಂದಿಕೊಂಡು ಬೆಳೆದವು. ಕ್ಯಾನ್ಸರ್ ಕೋಶಗಳು ಸತ್ತವು.

ಹಾಗಾದರೆ ಕ್ಯಾನ್ಸರ್ ಕೋಶಕ್ಕೆ ಮೆಥಿಯೊನಿನ್ ಕಟ್ಟುವ ಕಿಣ್ವವೇ ಇಲ್ಲವೆಂದು ಯಾರಿಗಾದರೂ ಅನ್ನಿಸುತ್ತದೆ. 1976ರಲ್ಲಿ ರಾಬರ್ಟ್ ಹಾಫ್‌ಮನ್ ಮತ್ತು ರಿಚರ್ಡ್ ಅರ್ಬಿ ಅಳೆದು ನೋಡಿದಾಗ ಆ ಊಹೆ ಬಿದ್ದುಹೋಯಿತು. ಕೋಶಗಳು ಹೋಮೊಸಿಸ್ಟೀನಿನಿಂದ ಸಾಕಷ್ಟು ವೇಗವಾಗಿಯೇ ಮೆಥಿಯೊನಿನ್ ಮಾಡುತ್ತಿದ್ದವು. ಮಾಡಿಕೊಂಡರೂ ಸಾಲದು, ಹೊರಗಿನಿಂದ ಬರಲೇಬೇಕು! ಈ ವಿಚಿತ್ರ ಅವಲಂಬನೆಯನ್ನು ಈಗ ಹಾಫ್‌ಮನ್ ಪರಿಣಾಮ ಎಂದು ಕರೆಯುವುದುಂಟು. ಮೀಥೈಲ್ ಖರ್ಚು ಕ್ಯಾನ್ಸರ್ ಕೋಶಗಳಲ್ಲಿ ಮಿತಿಮೀರಿರುತ್ತದೆ, ಹೊರಗಿನ ಪೂರೈಕೆ ನಿಂತ ಕೂಡಲೇ ಸ್ಯಾಮ್ ಸಂಗ್ರಹ ಕುಸಿದು ಕೋಶವಿಭಜನೆ ನಿಲ್ಲುತ್ತದೆ ಎಂಬುದು ಒಂದು ವಿವರಣೆ. ಎಲ್ಲ ಕ್ಯಾನ್ಸರ್ ಕೋಶಗಳೂ ಒಂದೇ ತೀವ್ರತೆಯಲ್ಲಿ ಅವಲಂಬಿಸಿಲ್ಲ. ಶ್ವಾಸಕೋಶದ ಗಡ್ಡೆಯನ್ನು ಮತ್ತೆ ಮತ್ತೆ ಹುಟ್ಟಿಸಬಲ್ಲ ಬೀಜಕೋಶಗಳಲ್ಲಿ ಈ ಹಸಿವು ವಿಶೇಷವಾಗಿ ಹೆಚ್ಚು ಎಂದು 2019ರಲ್ಲಿ ಸಿಂಗಪುರದ ತಂಡವೊಂದು ವರದಿ ಮಾಡಿತು.

ಪಕ್ಕದ ಮನೆಯ ನಷ್ಟ

ಈ ಕ್ಷೇತ್ರದಲ್ಲಿ ಚಿಕಿತ್ಸೆಗೆ ತೀರ ಹತ್ತಿರ ಬಂದಿರುವುದು ಎಂಟಿಎಪಿ ಎಂಬ ಕಿಣ್ವದ ಕಥೆ. ಸ್ಯಾಮ್ ಬಳಕೆಯಾಗುವ ಒಂದು ಕವಲಿನಲ್ಲಿ ಎಂಟಿಎ ಎಂಬ ಗಂಧಕವುಳ್ಳ ಚೂರು ಉಳಿಯುತ್ತದೆ. ಗಂಧಕ ಪೋಲಾಗದಂತೆ ಅದನ್ನು ಹೆಕ್ಕಿ ಮರಳಿ ಮೆಥಿಯೊನಿನ್ ಕಡೆಗೆ ಕಳಿಸುವ ಮೊದಲ ಹೆಜ್ಜೆ ಎಂಟಿಎಪಿಯದು. ಇದರ ಜೀನ್ 9ನೇ ವರ್ಣತಂತುವಿನಲ್ಲಿದೆ, ಅದೂ ಗಡ್ಡೆಗಳನ್ನು ತಡೆಯುವ ಪ್ರಸಿದ್ಧ ಕಾವಲುಗಾರ ಜೀನ್ ಒಂದರ ಪಕ್ಕದಲ್ಲೇ. ಗಡ್ಡೆ ಬೆಳೆಯುವಾಗ ಕಾವಲುಗಾರ ಜೀನ್ ಕತ್ತರಿಸಿಹೋದರೆ ಪಕ್ಕದ ಎಂಟಿಎಪಿಯೂ ಅದರೊಂದಿಗೆ ಹೋಗಿಬಿಡುತ್ತದೆ. ಮನುಷ್ಯರ ಕ್ಯಾನ್ಸರುಗಳಲ್ಲಿ ನೂರಕ್ಕೆ 10ರಿಂದ 15ರಲ್ಲಿ ಹೀಗಾಗಿರುತ್ತದೆ; ಮಿದುಳಿನ ಗ್ಲಯೊಬ್ಲಾಸ್ಟೊಮ, ಮೇದೋಜೀರಕ ಗ್ರಂಥಿಯ ಕ್ಯಾನ್ಸರು, ಮೀಸೊಥೀಲಿಯೊಮಗಳಲ್ಲಿ ಪ್ರಮಾಣ ಇನ್ನೂ ಹೆಚ್ಚು.

ಕಿಣ್ವವಿಲ್ಲದ ಕೋಶದಲ್ಲಿ ಎಂಟಿಎ ಗುಡ್ಡೆ ಬೀಳುತ್ತದೆ. ಅದು ಪಿಆರ್‌ಎಂಟಿ5 ಎಂಬ ಮೀಥೈಲ್ ಮುದ್ರೆ ಒತ್ತುವ ಕಿಣ್ವದೊಳಗೆ ಸ್ಯಾಮ್ ಕೂರಬೇಕಾದ ಜಾಗದಲ್ಲಿ ಕೂತು ಅದನ್ನು ಅರ್ಧ ಕುಗ್ಗಿಸುತ್ತದೆ. ಉಳಿದರ್ಧದ ಮೇಲೆ ಜೀವ ಹಿಡಿದ ಆ ಕೋಶಕ್ಕೆ ಇನ್ನೊಂದು ಸಣ್ಣ ಪೆಟ್ಟೂ ಭಾರವಾಗುತ್ತದೆ. 2016ರಲ್ಲಿ ಮೂರು ತಂಡಗಳು ಸ್ವತಂತ್ರವಾಗಿ ಇದನ್ನು ಕಂಡುಕೊಂಡವು. ಮೊದಲ ತಲೆಮಾರಿನ ಪಿಆರ್‌ಎಂಟಿ5 ಔಷಧಗಳು ಆರೋಗ್ಯವಂತ ಕೋಶಗಳನ್ನೂ ಹೊಡೆಯುತ್ತಿದ್ದವು. ಎಂಟಿಎ ಕೂತಿರುವ ಕಿಣ್ವಕ್ಕೆ ಮಾತ್ರ ಗಟ್ಟಿಯಾಗಿ ಅಂಟುವ ಹೊಸ ಔಷಧಗಳನ್ನೂ, ಸ್ಯಾಮ್ ತಯಾರಿಕೆಯನ್ನೇ ತಗ್ಗಿಸುವ ಔಷಧಗಳನ್ನೂ ರೋಗಿಗಳಲ್ಲಿ ಪ್ರಯೋಗಿಸಿ ನೋಡಲಾಗುತ್ತಿದೆ.

ಸಿಸ್ಟೀನಿನ ಕವಲು

ಡು ವಿನ್ಯೋ 1967ರಲ್ಲಿ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಭಾಗವನ್ನು ಬಿಟ್ಟಾಗ ಆ ಸ್ಥಾನಕ್ಕೆ ಬಂದವರು ಆಲ್ಟನ್ ಮೈಸ್ಟರ್. ಅವರು ಹಿಡಿದದ್ದು ಕವಲಿನ ಇನ್ನೊಂದು ತುದಿ, ಗ್ಲುಟಾಥಯೋನ್. ಸಿಸ್ಟೀನನ್ನು ನಡುವೆ ಇಟ್ಟುಕೊಂಡ ಮೂರು ಅಮೈನೊ ಆಮ್ಲಗಳ ಈ ಪುಟ್ಟ ಅಣು ಕೋಶದೊಳಗಿನ ತುಕ್ಕು ಹಿಡಿಯುವ ಕ್ರಿಯೆಗಳನ್ನು ತಡೆಯುತ್ತದೆ, ವಿಷವಸ್ತುಗಳಿಗೆ ಅಂಟಿ ಹೊರದೂಡುತ್ತದೆ. ಕ್ಯಾನ್ಸರ್ ಔಷಧ ಸಿಸ್ಪ್ಲಾಟಿನ್ನಿನ ಪ್ಲಾಟಿನಂ ಗಂಧಕಕ್ಕೆ ಸುಲಭವಾಗಿ ಅಂಟಿಕೊಳ್ಳುವುದರಿಂದ, ಗ್ಲುಟಾಥಯೋನ್ ಹೆಚ್ಚಿಸಿಕೊಂಡ ಗಡ್ಡೆ ಆ ಔಷಧಕ್ಕೆ ಜಗ್ಗದಿರಬಹುದು. 1979ರಲ್ಲಿ ಮೈಸ್ಟರ್ ಮತ್ತು ಓವನ್ ಗ್ರಿಫಿತ್ ಗ್ಲುಟಾಥಯೋನ್ ತಯಾರಿಕೆಯನ್ನು ತಡೆಯುವ ಬ್ಯುಥಯೋನಿನ್ ಸಲ್ಫಾಕ್ಸಿಮೈನ್ ಎಂಬ ವಸ್ತುವನ್ನು ರೂಪಿಸಿದರು. ಇಂದಿಗೂ ಪ್ರಯೋಗಾಲಯಗಳು ಅದನ್ನು ಬಳಸುತ್ತವೆ.

ಅನೇಕ ಕ್ಯಾನ್ಸರ್ ಕೋಶಗಳಿಗೆ ತಾವೇ ಮಾಡಿಕೊಂಡ ಸಿಸ್ಟೀನ್ ಸಾಲದು, ಹೊರಗಿನಿಂದ ಸಿಸ್ಟಿನ್ ಎಳೆದುಕೊಳ್ಳಬೇಕು. ಅದಕ್ಕೆಂದೇ ಕೋಶದ ಪೊರೆಯಲ್ಲಿ ಒಂದು ಬಾಗಿಲಿದೆ. ಗ್ಲುಟಮೇಟನ್ನು ಹೊರಬಿಟ್ಟು ಸಿಸ್ಟಿನ್ನನ್ನು ಒಳತರುತ್ತದೆ. ಶಿರೊ ಬನ್ನಾಯ್ ಮತ್ತಿತರ ಜಪಾನೀ ವಿಜ್ಞಾನಿಗಳು ಇದನ್ನು ಗುರುತಿಸಿ 1999ರಲ್ಲಿ ಅದರ ಜೀನನ್ನು ಹಿಡಿದರು. ಈ ಬಾಗಿಲಿಗೆ ಅಗುಳಿ ಹಾಕುವ ಎರಾಸ್ಟಿನ್ ಎಂಬ ವಸ್ತುವನ್ನು ಕೊಟ್ಟರೆ ಗ್ಲುಟಾಥಯೋನ್ ಬತ್ತುತ್ತದೆ, ಕಬ್ಬಿಣದ ನೆರವಿನಿಂದ ಕೋಶದ ಪೊರೆಯ ಕೊಬ್ಬು ಹಳಸುತ್ತದೆ, ಕೋಶ ಹರಿದು ಸಾಯುತ್ತದೆ. ಸ್ಕಾಟ್ ಡಿಕ್ಸನ್, ಬ್ರೆಂಟ್ ಸ್ಟಾಕ್‌ವೆಲ್ ಮತ್ತು ಸಂಗಡಿಗರು 2012ರಲ್ಲಿ ಈ ಸಾವಿಗೆ ಫೆರಾಪ್ಟೋಸಿಸ್ ಎಂದು ಹೆಸರಿಟ್ಟರು. ಗಡ್ಡೆಗಳನ್ನು ತಡೆಯುವ ಪಿ53 ಪ್ರೋಟೀನು ಈ ಸಿಸ್ಟಿನ್ ಬಾಗಿಲನ್ನು ಕಿರಿದಾಗಿಸುವ ಮೂಲಕವೂ ಕೆಲಸ ಮಾಡುತ್ತದೆಂದು 2015ರಲ್ಲಿ ಗೊತ್ತಾಯಿತು.

ಸಿಸ್ಟೀನಿನಿಂದ ಹೈಡ್ರೋಜನ್ ಸಲ್ಫೈಡ್ ಕೂಡ ಹುಟ್ಟುತ್ತದೆ, ಆ ಬೆಂದ ಮೊಟ್ಟೆಯ ಅನಿಲವೇ. 2013ರಲ್ಲಿ ಟೆಕ್ಸಾಸಿನ ಸಂಶೋಧಕರು ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಅದನ್ನು ಉತ್ಪಾದಿಸುವ ಟ್ರಾನ್ಸ್‌ಸಲ್ಫ್ಯುರೇಷನ್ ಕಿಣ್ವ ಹೆಚ್ಚಿರುವುದನ್ನೂ, ಅದನ್ನು ತಡೆದರೆ ಇಲಿಗಳಲ್ಲಿ ಗಡ್ಡೆ ನಿಧಾನಿಸುವುದನ್ನೂ ತೋರಿಸಿದರು. ಬೇರೆ ಕೆಲವು ಅರ್ಬುದಗಳಲ್ಲಿ ಅದೇ ಕಿಣ್ವ ಕಡಿಮೆಯಿರುತ್ತದೆ.

ಊಟ ಮತ್ತು ಮಾತ್ರೆ

ಇಷ್ಟು ಓದಿದವರು ಕೇಳುವ ಪ್ರಶ್ನೆ ಸಹಜವಾದದ್ದು: ಮೆಥಿಯೊನಿನ್ ಬಿಟ್ಟು ಊಟ ಮಾಡಿದರೆ ಕ್ಯಾನ್ಸರ್ ಹೋಗುತ್ತದೆಯೆ? 2019ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ತಂಡ, ರೋಗಿಗಳ ದೊಡ್ಡ ಕರುಳಿನ ಗಡ್ಡೆಯನ್ನು ನಾಟಿದ ಇಲಿಗಳಲ್ಲಿ ಮೆಥಿಯೊನಿನ್ ಕಡಿಮೆಯ ಆಹಾರ ಗಡ್ಡೆಯನ್ನು ಕುಗ್ಗಿಸಿ ಫ್ಲೋರೊಯುರಾಸಿಲ್ ಔಷಧದ ಪರಿಣಾಮವನ್ನು ಹೆಚ್ಚಿಸಿತೆಂದು ಪ್ರಕಟಿಸಿತು. ಅದೇ ಆಹಾರಕ್ರಮವನ್ನು ಆರು ಮಂದಿ ಆರೋಗ್ಯವಂತರ ಮೇಲೂ ನೋಡಲಾಯಿತು. ಅವರ ರಕ್ತದಲ್ಲಿ ಗಂಧಕದ ಚಯಾಪಚಯ ಇಲಿಗಳಲ್ಲಿ ಕಂಡ ರೀತಿಯಲ್ಲೇ ಬದಲಾಯಿತು. ಆ ಆರು ಮಂದಿಗೆ ಕ್ಯಾನ್ಸರ್ ಇರಲಿಲ್ಲವೆಂಬುದನ್ನು ಮರೆಯಬಾರದು. ಮೆಥಿಯೊನಿನ್ ಪೂರ್ತಿ ನಿಂತರೆ ರೋಗಿಯ ಸ್ನಾಯುಗಳು ಕರಗುತ್ತವೆ. ಸೊರಗಿದ ದೇಹ ಚಿಕಿತ್ಸೆಯನ್ನು ತಾಳಲಾರದು. ರೋಗಿಯ ಮನೆಯವರು ತಾವಾಗಿ ಬೇಳೆ, ಮೊಟ್ಟೆ, ಹಾಲು ನಿಲ್ಲಿಸಿ ಪ್ರಯೋಗ ಮಾಡಬೇಕಾದ ವಿಷಯ ಇದಲ್ಲ.

ಗಂಧಕದ ಮಾತ್ರೆಗಳ ವಿಷಯದಲ್ಲೂ ಎಚ್ಚರ ಬೇಕು. ಎನ್-ಅಸಿಟೈಲ್‌ಸಿಸ್ಟೀನ್ ದೇಹದಲ್ಲಿ ಗ್ಲುಟಾಥಯೋನ್ ಹೆಚ್ಚಿಸುತ್ತದೆ. ಪ್ಯಾರಸಿಟಮಾಲ್ ವಿಷವೇರಿದಾಗ ಜೀವ ಉಳಿಸುತ್ತದೆ. ಕ್ಯಾನ್ಸರನ್ನೂ ತಡೆಯಬಹುದೆಂಬ ಆಸೆಯಿಂದ ಯುರೋಪಿನಲ್ಲಿ ತಲೆ-ಕುತ್ತಿಗೆ ಹಾಗೂ ಶ್ವಾಸಕೋಶದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ 2,592 ಮಂದಿಯಲ್ಲಿ ಅದನ್ನು ಪರೀಕ್ಷಿಸಿದರು. 2000ನೇ ಇಸವಿಯಲ್ಲಿ ಬಂದ ಫಲಿತಾಂಶದಲ್ಲಿ ಪ್ರಯೋಜನ ಕಾಣಲಿಲ್ಲ. 2014ರಲ್ಲಿ ಸ್ವೀಡನ್ನಿನಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ ಅದು ಶ್ವಾಸಕೋಶದ ಗಡ್ಡೆಯನ್ನು ಇನ್ನಷ್ಟು ಬೇಗ ಬೆಳೆಸಿತು. ಆರೋಗ್ಯವಂತ ಕೋಶವನ್ನು ಕಾಯುವ ಗ್ಲುಟಾಥಯೋನ್ ಗಡ್ಡೆಯ ಕೋಶವನ್ನೂ ಕಾಯುತ್ತದೆ.

ಮೀಥೈಲ್ಲಿನ ಗುರುತು ಇಂದು

ಮೆಥಿಯೊನಿನ್ ಹಸಿವು ಚಿಕಿತ್ಸೆಗಿಂತ ಮೊದಲೇ ರೋಗಪತ್ತೆಯಲ್ಲಿ ಉಪಯೋಗಕ್ಕೆ ಬಂದಿದೆ. ಮಿದುಳು ಗ್ಲೂಕೋಸನ್ನು ಸದಾ ಧಾರಾಳವಾಗಿ ಬಳಸುವುದರಿಂದ ಗ್ಲೂಕೋಸ್ ಆಧಾರಿತ ಪೆಟ್ ಸ್ಕ್ಯಾನಿನಲ್ಲಿ ಮಿದುಳೆಲ್ಲ ಬೆಳಗಿ ಗಡ್ಡೆಯ ಅಂಚು ಕಲೆಸಿಹೋಗುತ್ತದೆ. ಆರೋಗ್ಯವಾದ ಮಿದುಳು ಮೆಥಿಯೊನಿನ್ನನ್ನು ಅಷ್ಟಾಗಿ ಎಳೆದುಕೊಳ್ಳುವುದಿಲ್ಲ, ಗ್ಲಯೊಮ ಗಡ್ಡೆ ಎಳೆದುಕೊಳ್ಳುತ್ತದೆ. ಆದ್ದರಿಂದ ವಿಕಿರಣಶೀಲ ಇಂಗಾಲ-11 ಸೇರಿಸಿದ ಮೆಥಿಯೊನಿನ್ ಚುಚ್ಚಿದರೆ ಮಂದ ಹಿನ್ನೆಲೆಯ ಮೇಲೆ ಗಡ್ಡೆ ಮಾತ್ರ ಎದ್ದು ಕಾಣುತ್ತದೆ. ವಿಕಿರಣ ಚಿಕಿತ್ಸೆಯ ನಂತರ ಉಳಿದ ಗಾಯದ ಕಲೆಯನ್ನೂ ಮರಳಿ ಬಂದ ಗಡ್ಡೆಯನ್ನೂ ಬೇರೆ ಮಾಡಿ ನೋಡಲು ಇದು ನೆರವಾಗುತ್ತದೆ. ಇಂಗಾಲ-11ರ ಅರ್ಧಾಯುಷ್ಯ ಸುಮಾರು 20 ನಿಮಿಷ. ಸೈಕ್ಲೊಟ್ರಾನ್ ಇರುವ ಆಸ್ಪತ್ರೆಯಲ್ಲೇ ತಯಾರಿಸಿ, ಕೂಡಲೇ ಶುದ್ಧಗೊಳಿಸಿ, ಕಾದು ಮಲಗಿರುವ ರೋಗಿಯ ರಕ್ತನಾಳಕ್ಕೆ ತಲುಪಿಸಬೇಕು. ಆ ಗುರುತನ್ನು ಹಾಕುವುದು ಮೆಥಿಯೊನಿನ್ನಿನ ಗಂಧಕಕ್ಕೆ ಅಂಟಿದ ಮೀಥೈಲ್ ಗುಂಪಿನಲ್ಲಿ, ಡು ವಿನ್ಯೋ ಭಾರ ಹೈಡ್ರೋಜನ್ ಇಟ್ಟ ಅದೇ ಜಾಗದಲ್ಲಿ.